ತಿಮ್ಮರಾಯಪ್ಪನ ನಿದ್ದೆಗೆ ಕಾವಲು

ತಿಮ್ಮರಾಯಪ್ಪನಿಗೆ ನಿದ್ದೆ ಬರುತ್ತಿಲ್ಲ ಎಂದು ಗೊತ್ತಾದಾಗ ಸಾರಕ್ಕಿಯಲ್ಲಿ ಮೊದಲು ನಕ್ಕವಳು ಅವನ ಹೆಂಡತಿ ನಾರಾಯಣಮ್ಮ. ಇಪ್ಪತ್ತೆಂಟು ವರ್ಷ ಆ ಗಂಡಸಿನ ಗೊರಕೆಯ ಪಕ್ಕದಲ್ಲಿ ಸಂಸಾರ ಮಾಡಿದವಳಿಗೆ ನಗುವ ಹಕ್ಕಿತ್ತು. ಧಾರೆಯ ಹೊತ್ತಿನಲ್ಲೇ ತೂಕಡಿಸಿ ಪುರೋಹಿತರ ಕೈಲಿ ಬೈಸಿಕೊಂಡ ಗಂಡ ಅವನು. ಮಗ ವೆಂಕಟಾಚಲ ಹುಟ್ಟಿದ ದಿನ ಸೂಲಗಿತ್ತಿ ಸುದ್ದಿ ಹೇಳಲು ಬಾಗಿಲು ತಟ್ಟಿ ತಟ್ಟಿ ಕೈ ನೋಯಿಸಿಕೊಂಡು ವಾಪಸು ಹೋಗಿದ್ದಳು. ಜೆ.ಪಿ. ನಗರದ ಬಡಾವಣೆಗೆಂದು ಸರ್ಕಾರದವರು ಸರಪಳಿ ಹಿಡಿದು ಅವನ ರಾಗಿ ಹೊಲ ಅಳೆದಾಗ ಅವನು ಅದೇ ಹೊಲದ ಹೊಂಗೆ ಮರದ ಕೆಳಗೆ ಮಲಗಿದ್ದ. ಎದ್ದು ನೋಡಿದರೆ ತಲೆಯ ಪಕ್ಕದಲ್ಲಿ ಗಡಿ ಕಲ್ಲು ನೆಟ್ಟಾಗಿತ್ತು.

ಪರಿಹಾರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದವಳು ನಾರಾಯಣಮ್ಮ. ಬಂದ ಹಣದಲ್ಲಿ ಹಳೇ ಮನೆಯ ಹಿಂದೆ ನಾಲ್ಕು ಬಾಡಿಗೆ ಮನೆ ಎಬ್ಬಿಸಿದವಳೂ ಅವಳೇ. ತಿಮ್ಮರಾಯಪ್ಪ ಮಾಡಿದ ಸಹಾಯ ಎಂದರೆ ಹಸಿ ಗೋಡೆಗೆ ನೀರು ಹಾಕುವುದು. ಅದನ್ನೂ ಅವನು ಪೈಪು ಹಿಡಿದುಕೊಂಡು ನಿಂತಲ್ಲೇ ನಿದ್ದೆ ಮಾಡಿ, ಒಂದೇ ಗೋಡೆಗೆ ಮೂರು ಗೋಡೆಯ ನೀರು ಕುಡಿಸಿದ.

ರಾತ್ರಿ ಎಲ್ಲರ ಊಟವಾಗಿ, ಪಾತ್ರೆ ಮಗುಚಿ, ಗಂಡನ ಮಂಚದ ಪಕ್ಕ ಚಾಪೆ ಹಾಸಿಕೊಂಡ ಮೇಲೆ ನಾರಾಯಣಮ್ಮನ ನಿಜವಾದ ಕೆಲಸ ಶುರುವಾಗುತ್ತಿತ್ತು. ಆ ದಿನ ಯಾರು ಯಾರು ಏನೇನು ಕೆಡಿಸಿದರು ಎಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಬೈಯುವುದು. ಹಾಲಿನವನಿಂದ ಹಿಡಿದು ತಲಘಟ್ಟಪುರದಲ್ಲಿದ್ದ ಗಂಡನ ಅಕ್ಕನವರೆಗೆ ಯಾರೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅವಳು ಮೂರನೆಯ ಹೆಸರಿಗೆ ಬರುವುದರೊಳಗೆ ಮಂಚದ ಮೇಲಿಂದ ಗೊರಕೆ ಕೇಳುತ್ತಿತ್ತು. ಗೋಡೆಗೆ ಹೇಳಿಕೊಂಡಿದ್ದರೆ ಗೋಡೆಯಾದರೂ ಎದ್ದು ಕೂರುತ್ತಿತ್ತು ಎಂದು ಅವಳು ಹಲ್ಲು ಕಡಿಯುವಳು.

ಎಂಬತ್ತೈದರ ದಸರಾ ಹೊತ್ತಿಗೆ ತಿಮ್ಮರಾಯಪ್ಪನ ಮುಖ ಊದಿತು, ಕಾಲು ಊದಿತು, ಉಚ್ಚೆ ನಿಂತಿತು. ಎರಡು ಮೂತ್ರಪಿಂಡವೂ ಹೋಗಿವೆ ಎಂದರು. ಹಿಂದಿನ ಬೀದಿಯ ಸೈಟು ಮಾರಿ, ಆಸ್ಪತ್ರೆಯಲ್ಲಿ ಮಿಷನ್ನಿಗೆ ಹಾಕಿಸುವುದು ಶುರುವಾಯಿತು. ವಾರಕ್ಕೆ ಎರಡು ಸಲ, ಮಂಗಳವಾರ ಶುಕ್ರವಾರ, ಬೆಳಿಗ್ಗೆ ಹೋದರೆ ಮಧ್ಯಾಹ್ನದವರೆಗೆ. ಡಯಾಲಿಸಿಸ್ ಎಂಬ ಮಾತು ಮನೆಯಲ್ಲಿ ಸೊಸೆ ಸೀತಾಲಕ್ಷ್ಮಿಯ ಬಾಯಲ್ಲಿ ಮಾತ್ರ ಸರಿಯಾಗಿ ಬರುತ್ತಿತ್ತು. ಉಳಿದವರಿಗೆ ಅದು ಮಿಷನ್ನು.

ಮನೆಯ ಅಡುಗೆ ಎರಡಾಯಿತು. ಅವನಿಗೆ ಉಪ್ಪಿಲ್ಲದ ಸಾರು, ಬೇಯಿಸಿ ನೀರು ಬಸಿದು ಚೆಲ್ಲಿದ ತರಕಾರಿ, ದಿನಕ್ಕೆ ಎರಡು ಲೋಟ ನೀರು. ಬಾಳೆಹಣ್ಣು, ಎಳನೀರು ಮನೆಯೊಳಗೆ ಬರುವ ಹಾಗಿಲ್ಲ. ಬಿಪಿ ಏರುತ್ತದೆ, ರಾತ್ರಿ ಹೊತ್ತು ಅಪ್ಪನ ತಲೆಯ ಹತ್ತಿರ ಕೂತು ಊರವರನ್ನೆಲ್ಲ ಬೈಯಬೇಡ ಎಂದು ವೆಂಕಟಾಚಲ ಅಮ್ಮನಿಗೆ ತಾಕೀತು ಮಾಡಿದ. ಇಟ್ಟಮಡುವಿನಲ್ಲಿ ಸಿಮೆಂಟಿನ ಅಂಗಡಿ ಇಟ್ಟುಕೊಂಡು ಎರಡು ವರ್ಷಕ್ಕೇ ಹೊಟ್ಟೆ ಬಿಟ್ಟ ಮಗ ತನಗೆ ಬುದ್ಧಿ ಹೇಳುವಂತಾಯಿತಲ್ಲ ಎಂದು ನಾರಾಯಣಮ್ಮ ಮೂಗು ಮುರಿದಳು. ಆದರೂ ಅಂದಿನಿಂದ ಚಾಪೆ ತೆಗೆದುಕೊಂಡು ಅಡುಗೆಮನೆಗೆ ಹೋಗಿ ಅಲ್ಲಿ ಒಲೆಯ ಮುಂದೆ ಬೈದುಕೊಂಡಳು.

ಅದೇ ದಿನಗಳಲ್ಲಿ ತಿಮ್ಮರಾಯಪ್ಪನ ನಿದ್ದೆ ಹೋಯಿತು. ಮೈಯೆಲ್ಲ ತುರಿಕೆ. ಮಲಗಿದರೆ ಕಾಲಿನೊಳಗೆ ಏನೋ ಹರಿದಾಡಿದ ಹಾಗಾಗಿ ಎದ್ದು ಓಡಾಡಲೇಬೇಕು. ನಡುಮನೆಯಲ್ಲಿ ಬೆಳಗಿನವರೆಗೆ ಅವನ ಹೆಜ್ಜೆ. ಮನೆಯವರೆಲ್ಲ ಕೆಂಗಣ್ಣು ಮಾಡಿಕೊಂಡು ಎದ್ದರು. ಸೀತಾಲಕ್ಷ್ಮಿ ರೊಟ್ಟಿ ತಟ್ಟುತ್ತ ಆಕಳಿಸಿ ಬೆರಳು ಸುಟ್ಟುಕೊಂಡಳು.

"ನೂರು ವರ್ಷಕ್ಕಾಗೋ ಅಷ್ಟು ಮಲಗಿ ಮುಗಿಸಿದ್ದೀಯ. ಇನ್ನೆಲ್ಲಿಂದ ಬರುತ್ತೆ?" ಎಂದಳು ನಾರಾಯಣಮ್ಮ. ಅವಳು ಗಂಡನನ್ನು ನೀನು ಎಂದೇ ಕರೆಯುವುದು. ಬನಶಂಕರಿಯ ಎರಡನೇ ಸ್ಟೇಜಿನಿಂದ ಬಂದ ಸೊಸೆಗೆ ಮೊದಲು ಅದು ಇರಿಸುಮುರಿಸಾಗಿತ್ತು, ಈಗ ಅಭ್ಯಾಸವಾಗಿತ್ತು.

ತಿಮ್ಮರಾಯಪ್ಪ ಮೈ ತುರಿಸಿಕೊಳ್ಳುತ್ತ ಜಗಲಿಗೆ ಹೋದ. ಎದುರಾಡುವ ಜಾತಿಯವನಲ್ಲ. ಹಗಲು ಹತ್ತು ಹನ್ನೊಂದರ ಹೊತ್ತಿಗೆ ಜಗಲಿಯ ಕುರ್ಚಿಯಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತರೆ ತಲೆ ತಾನಾಗಿ ಎದೆಯ ಮೇಲೆ ಬೀಳುತ್ತಿತ್ತು. ಅರ್ಧ ಗಂಟೆ, ಮುಕ್ಕಾಲು ಗಂಟೆ. ಅದಷ್ಟೇ ಅವನಿಗೆ ಉಳಿದಿದ್ದ ನಿದ್ದೆ.

ಅದಕ್ಕೂ ಕಲ್ಲು ಹಾಕಲು ತಲಘಟ್ಟಪುರದಿಂದ ಅವನ ಅಕ್ಕ ಮುನಿಲಕ್ಷ್ಮಮ್ಮ ಬಂದಳು. ಕೈಚೀಲದಲ್ಲಿ ಅವರೆಕಾಯಿ ತುಂಬಿಕೊಂಡು ಜಗಲಿ ಹತ್ತಿದವಳು, ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ತಮ್ಮನನ್ನು ನೋಡಿ, ಡಾಕ್ಟರು ಏನಂದರು ಎಂದು ನಾರಾಯಣಮ್ಮನನ್ನು ಕೇಳಿದಳು. ರಕ್ತದಲ್ಲಿ ವಿಷ ಸೇರಿಕೊಳ್ಳುತ್ತದೆ, ಮಿಷನ್ನು ಅದನ್ನು ತೆಗೆಯುತ್ತದೆ, ಮತ್ತೆ ಸೇರಿಕೊಳ್ಳುತ್ತದೆ ಎಂದು ನಾರಾಯಣಮ್ಮ ಕೇಳಿದ್ದನ್ನು ಕೇಳಿದ ಹಾಗೆ ಹೇಳಿದಳು. ಮುನಿಲಕ್ಷ್ಮಮ್ಮ ಚೀಲವನ್ನು ಅಲ್ಲೇ ಕೆಡವಿ ತಮ್ಮನ ಕೆನ್ನೆಗೆ ಎರಡು ಬಾರಿಸಿದಳು.

"ಮೈಯಲ್ಲಿ ವಿಷ ಇರೋನ್ನ ಮಲಗೋಕೆ ಬಿಟ್ಟಿದ್ದೀಯಲ್ಲೇ. ವಿಷ ತಲೆಗೇರಲ್ವಾ?"

ಇದರ ಹಿಂದಿನ ಕಥೆ ನಾರಾಯಣಮ್ಮನಿಗೆ ಬಾಯಿಪಾಠವಾಗಿತ್ತು. ತಿಮ್ಮರಾಯಪ್ಪ ಒಂಬತ್ತು ವರ್ಷದ ಹುಡುಗನಾಗಿದ್ದಾಗ ಹೊಲದ ಬದುವಿನಲ್ಲಿ ಹಾವು ಕಚ್ಚಿತ್ತು. ಹದಿನಾಲ್ಕು ವರ್ಷದ ಅಕ್ಕ ಬೇವಿನ ಬರಲು ಹಿಡಿದು, ತೂಕಡಿಸಿದಾಗೆಲ್ಲ ಹೊಡೆದು, ಬೆಳಗಿನವರೆಗೆ ಅವನನ್ನು ಕುಣಿಸಿ ಉಳಿಸಿಕೊಂಡಿದ್ದಳು. ಹಳ್ಳಿ ಕಡೆ ಹಾವು ಕಚ್ಚಿದವರನ್ನು ಮಲಗಲು ಬಿಡುವುದಿಲ್ಲ. ಮದುವೆಯಾಗಿ ಬಂದಾಗಿನಿಂದ ಹಬ್ಬಕ್ಕೊಮ್ಮೆ ಈ ಕಥೆ ಕೇಳಿ ನಾರಾಯಣಮ್ಮ ಬೇಸತ್ತಿದ್ದಳು. ಕಚ್ಚಿದ್ದು ನೀರೊಳ್ಳೆ, ಅದಕ್ಕೆ ವಿಷವೇ ಇಲ್ಲ, ಇವಳು ಸುಮ್ಮನೆ ಮಗುವನ್ನು ಬಡಿದಳು ಎಂಬುದು ಅವಳ ತೀರ್ಮಾನ. ಈಗಲೂ ಅದನ್ನೇ ಹೇಳಲು ಬಾಯಿ ತೆರೆದಳು.

ಆದರೆ ಮುನಿಲಕ್ಷ್ಮಮ್ಮ ಆಗಲೇ ಅಂಗಳದ ಬೇವಿನ ಮರದಿಂದ ನಾಲ್ಕು ಎಲೆ ಕಿತ್ತು ತಮ್ಮನ ಬಾಯಿಗೆ ತುರುಕಿದ್ದಳು. ವಿಷ ಏರಿದವರಿಗೆ ಬೇವು ಕಹಿಯಾಗುವುದಿಲ್ಲ ಎಂಬುದು ಹಳ್ಳಿಯವರ ಲೆಕ್ಕ. ತಿಮ್ಮರಾಯಪ್ಪ ಹಸುವಿನ ಹಾಗೆ ಅಗಿದ. ಮುಖ ಒಂದಿಷ್ಟೂ ಸಿಂಡರಿಸಲಿಲ್ಲ.

"ಕಹಿ ಐತೇನೋ?"

"ಇಲ್ಲ ಕಣಕ್ಕ. ಏನು ತಿಂದ್ರೂ ಕಬ್ಬಿಣ ನೆಕ್ಕಿದಂಗೆ ಇರುತ್ತೆ."

ನಾರಾಯಣಮ್ಮ ತಾನೂ ಒಂದು ಎಲೆ ಬಾಯಿಗೆ ಹಾಕಿಕೊಂಡು ನೋಡಿದಳು. ಕಿವಿಯವರೆಗೆ ಕಹಿ. ಅಲ್ಲೇ ಉಗಿದಳು. ಆಗ ಮೊದಲ ಸಲ ಅವಳಿಗೆ ಹೆದರಿಕೆಯಾಯಿತು. ಗಂಡ ಎಂದರೆ ಎಷ್ಟೇ ತಾತ್ಸಾರವಿರಲಿ, ಅವನಿಲ್ಲದ ಮಂಚವನ್ನು ಅವಳು ಒಂದು ದಿನವೂ ನೆನೆಸಿಕೊಂಡವಳಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಗಂಡನ ಅಕ್ಕನ ಒಂದು ಮಾತನ್ನೂ ನಂಬದವಳು ಆವತ್ತು ಆ ನಾಲ್ಕು ಎಲೆಯನ್ನು ನಂಬಿದಳು.

ಅದೇ ಸಂಜೆ ಕಾವಲಿನ ಪಾಳಿ ಗೊತ್ತಾಯಿತು. ನಾರಾಯಣಮ್ಮ ಏನು ಮಾಡಿದರೂ ಅರೆಬರೆ ಮಾಡುವವಳಲ್ಲ. ರಾತ್ರಿ ಮೊದಲ ಜಾವ ವೆಂಕಟಾಚಲ, ಆಮೇಲೆ ಬೆಳಗಿನವರೆಗೆ ಅವಳು. ಬೆಳಿಗ್ಗೆ ಮುನಿಲಕ್ಷ್ಮಮ್ಮ. ಮಧ್ಯಾಹ್ನ ಊಟವಾದ ಮೇಲೆ ಸೀತಾಲಕ್ಷ್ಮಿ. ಮೂರರಿಂದ ಐದು ಹಿಂದಿನ ಮನೆಯ ಬಾಡಿಗೆದಾರರಾದ ರಿಟೈರ್ಡ್ ಮೇಷ್ಟ್ರು ಚನ್ನಬಸವಯ್ಯ. ಅವರು ಪೇಪರು ಓದಿ ಹೇಳಬೇಕು, ತಿಮ್ಮರಾಯಪ್ಪ ಹೂಂಗುಟ್ಟಬೇಕು. ಹೂಂಗುಟ್ಟದಿದ್ದರೆ ತಣ್ಣೀರು ಎರಚಬೇಕು. ಚೊಂಬು ಪಕ್ಕದಲ್ಲೇ ಇರುತ್ತಿತ್ತು.

ಸೊಸೆಗೆ ಇದು ಸರಿಬರಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿ, ಸುಮ್ಮನಿರುವುದು ಅವಳಿಗೂ ಬರುತ್ತಿರಲಿಲ್ಲ.

"ಡಾಕ್ಟ್ರು ಮಲಗಬೇಡಿ ಅಂತ ಹೇಳಿಲ್ವಲ್ಲ ಅತ್ತೆ. ಒಂದು ಮಾತು ಕೇಳಿದ್ರೆ ಏನಾಗುತ್ತೆ?"

"ಆ ಡಾಕ್ಟ್ರು ಹಾವು ನೋಡಿದಾನಾ? ಚಾಮರಾಜಪೇಟೇಲಿ ಹುಟ್ಟಿದೋನು."

"ಮಾವನಿಗೆ ಹಾವು ಕಚ್ಚಿಲ್ಲ ಅತ್ತೆ. ಕಿಡ್ನಿ ಹೋಗಿರೋದು."

"ನಿಮ್ಮಪ್ಪ ಆಫೀಸಲ್ಲಿ ಮಲಗೇ ಸಂಬಳ ತಗೊಂಡೋರು. ನಿನಗೆ ನಿದ್ದೆ ಅಂದ್ರೆ ದೇವರು. ಹೇಳಿದಷ್ಟು ಮಾಡು."

ಸೀತಾಲಕ್ಷ್ಮಿ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟಳು. ವೆಂಕಟಾಚಲ ಹೆಂಡತಿಯ ಪರವಾಗಿ ಒಂದು ಮಾತು ತೆಗೆದು, ಅಮ್ಮನ ಮುಖ ನೋಡಿ, ಮುದ್ದೆ ನುಂಗಿಕೊಂಡು ಅಂಗಡಿಗೆ ಹೋದ. ಅವನ ಧೈರ್ಯ ಯಾವಾಗಲೂ ಊಟ ಮುಗಿಯುವವರೆಗೆ ಮಾತ್ರ.

ಒಂದು ವಾರ ಕಳೆಯಿತು, ಎರಡು ವಾರ ಕಳೆಯಿತು. ತಿಮ್ಮರಾಯಪ್ಪನ ಕಣ್ಣು ಗುಳಿಬಿತ್ತು. ತಟ್ಟೆಯ ಮುಂದೆ ಕೂತು ಅನ್ನ ಕಲಸಿ ಬಾಯಿಗಿಡುವುದನ್ನು ಮರೆಯುತ್ತಿದ್ದ. ಒಂದು ಬೆಳಿಗ್ಗೆ, ಮಾರಿ ಹತ್ತು ವರ್ಷವಾಗಿದ್ದ ಎತ್ತುಗಳಿಗೆ ನೀರು ಕುಡಿಸಿಬರುತ್ತೇನೆ ಎಂದು ಹೊರಟ. ನೋಡಿದಿರಾ, ವಿಷ ತಲೆಗೆ ಹತ್ತುತ್ತಿದೆ ಎಂದು ಮುನಿಲಕ್ಷ್ಮಮ್ಮ ಕಾವಲನ್ನು ಇನ್ನೂ ಬಿಗಿಮಾಡಿಸಿದಳು. ನಾರಾಯಣಮ್ಮ ಸರಿರಾತ್ರಿಯಲ್ಲಿ ಅವನ ರಟ್ಟೆ ಹಿಡಿದುಕೊಂಡು ಅಂಗಳದಲ್ಲಿ ನಡೆಸುತ್ತಿದ್ದಳು. ತನಗೇ ಕಾಲು ಎಡವುತ್ತಿತ್ತು.

"ಐದು ನಿಮಿಷ ಕಣೇ ನಾರಾಯಣಿ. ಐದೇ ನಿಮಿಷ ಬಿಡು," ಎನ್ನುತ್ತಿದ್ದ ಅವನು.

"ಮಲಗಿದ್ರೆ ಏಳಲ್ಲ ನೀನು. ನಡಿ."

ಇಷ್ಟೆಲ್ಲದರ ನಡುವೆ ಒಂದು ವಿಷಯ ಅವಳಿಗೆ ಅನುಮಾನ ತಂದಿತು. ಮಿಷನ್ನಿನಿಂದ ಬಂದ ದಿನ ಮಾತ್ರ ಅವನ ಕಣ್ಣಿನಲ್ಲಿ ಒಂದಿಷ್ಟು ಜೀವ ಇರುತ್ತಿತ್ತು. ಜೊತೆಗೆ ಹೋಗುವವನು ವೆಂಕಟಾಚಲ. ಅಪ್ಪನನ್ನು ಬಿಟ್ಟು ಇವನು ಕ್ಯಾಂಟೀನಿನಲ್ಲಿ ಕೂತು ಖಾಲಿ ದೋಸೆ ತಿನ್ನುತ್ತಾನೆ, ಅಲ್ಲಿ ಅವನು ಹಾಯಾಗಿ ಮಲಗುತ್ತಾನೆ ಎಂದು ಅವಳಿಗೆ ಹೊಳೆಯಿತು. ಮುಂದಿನ ಶುಕ್ರವಾರ, ಅಂಗಡಿ ನೋಡಿಕೋ ಹೋಗು ಎಂದು ಮಗನನ್ನು ಅಟ್ಟಿ ತಾನೇ ಆಟೋ ಹತ್ತಿದಳು.

ಆ ಕೋಣೆಯಲ್ಲಿ ಆರು ಮಂಚ, ಆರು ಮಿಷನ್ನು. ಮಿಷನ್ನು ನೋಡಿಕೊಳ್ಳುವ ದೇವದಾಸ್ ಎಂಬುವನು ತಿಮ್ಮರಾಯಪ್ಪನ ಮುಂಗೈಗೆ ಎರಡು ದಪ್ಪ ಸೂಜಿ ಚುಚ್ಚಿ ಕೊಳವೆ ಜೋಡಿಸಿದ. ರಕ್ತ ಹೊರಗೆ ಹೋಗಿ ತಿರುಗಿ ಬರತೊಡಗಿತು. ನಾರಾಯಣಮ್ಮ ಸುತ್ತ ನೋಡಿದಳು. ಐದು ಮಂಚದಲ್ಲಿ ಐದು ಜನವೂ ನಿದ್ದೆ. ಪಕ್ಕದಲ್ಲಿ ಕೂತ ಹೆಂಗಸರು ಒಬ್ಬಳು ಸ್ವೆಟರು ಹೆಣೆಯುತ್ತಿದ್ದಾಳೆ, ಒಬ್ಬಳು ತಾನೂ ತೂಕಡಿಸುತ್ತಿದ್ದಾಳೆ. ಪಕ್ಕದ ಮಂಚದ ಅಲಮೇಲು ಎಂಬ ಬಡಕಲು ಹೆಂಗಸಂತೂ ಗಂಡನ ಕಣ್ಣಿಗೆ ಬೆಳಕು ಬೀಳದ ಹಾಗೆ ಸೆರಗು ಅಡ್ಡ ಹಿಡಿದು ನಿಂತಿದ್ದಳು. ಎಂಥ ಹೆಂಡತಿಯರಪ್ಪಾ ಇವರು, ಗಂಡನ ಮೈಯಲ್ಲಿ ವಿಷ ಓಡಾಡುತ್ತಿರುವಾಗ ಜೋಗುಳ ಹಾಡುತ್ತಿದ್ದಾರಲ್ಲ ಎಂದು ನಾರಾಯಣಮ್ಮನಿಗೆ ಹೇಸಿಗೆಯಾಯಿತು. ಓದಿದವರ ಹಾಗೆ ಕಾಣುತ್ತಾರೆ, ತಲೆಯಲ್ಲಿ ಏನೂ ಇಲ್ಲ.

ಹತ್ತು ನಿಮಿಷದಲ್ಲಿ ತಿಮ್ಮರಾಯಪ್ಪನ ರೆಪ್ಪೆ ಮುಚ್ಚಿತು. ಅವಳು ಕಿವಿ ಹಿಂಡಿದಳು. ಮತ್ತೆ ಮುಚ್ಚಿತು. ತೊಡೆ ಚಿವುಟಿದಳು. ಮೂರನೆಯ ಸಲ ಸೆರಗಿನ ಗಂಟಿನಿಂದ ಬೇವಿನ ಎಲೆ ತೆಗೆದು ಬಾಯಿಗೆ ಇಡುವಾಗ ದೇವದಾಸ್ ನೋಡಿದ. ಹೋಗಿ ಡಾಕ್ಟರನ್ನು ಕರೆದುಕೊಂಡು ಬಂದ.

"ಏನಮ್ಮಾ ಮಾಡ್ತಿದ್ದೀರಾ?"

"ಎಬ್ಬಿಸ್ತಾ ಇದೀನಿ ಸಾರ್. ನಿಮ್ಮೋರು ಎಲ್ಲರನ್ನೂ ಮಲಗೋಕೆ ಬಿಟ್ಟಿದ್ದಾರೆ, ನೋಡೋರೇ ಇಲ್ಲ."

"ಯಾಕೆ ಮಲಗಬಾರದು?"

"ವಿಷ ಏರಲ್ವಾ? ರಕ್ತದಲ್ಲಿ ವಿಷ ಐತೆ ಅಂತ ನೀವೇ ಹೇಳಿದ್ರಲ್ಲ. ಇಪ್ಪತ್ತಮೂರು ದಿನ ಆಯ್ತು ಸಾರ್, ನಮ್ಮನೇಲಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದಿದೀವಿ. ಒಂದು ಗಳಿಗೆ ಮಲಗೋಕೆ ಬಿಟ್ಟಿಲ್ಲ."

ಅವಳ ದನಿಯಲ್ಲಿ ಹೆಮ್ಮೆಯಿತ್ತು. ಡಾಕ್ಟರು ಸ್ಟೂಲು ಎಳೆದುಕೊಂಡು ಕೂತು, ತಿಮ್ಮರಾಯಪ್ಪನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ಆಮೇಲೆ ಅವಳ ಕಡೆ ತಿರುಗಿದರು.

"ಅದು ಹಾವಿನ ವಿಷ ಅಲ್ಲಮ್ಮ. ಉಚ್ಚೇಲಿ ಹೋಗಬೇಕಾದ ಕಸ. ಮಲಗಿದ್ರೂ ಅಷ್ಟೇ ಇರುತ್ತೆ, ಎದ್ದಿದ್ರೂ ಅಷ್ಟೇ ಇರುತ್ತೆ. ಈ ಕಾಯಿಲೆಯವರಿಗೆ ರಾತ್ರಿ ನಿದ್ದೆ ಬರೋದೇ ಕಷ್ಟ. ಹಗಲು ಎಷ್ಟು ಸಿಗುತ್ತೋ ಅಷ್ಟು ಅವರ ಪುಣ್ಯ. ಬಿಪಿ ಯಾಕೆ ಇಳೀತಿಲ್ಲ ಅಂತ ನಾನು ಮೂರು ವಾರದಿಂದ ಮಾತ್ರೆ ಬದಲಾಯಿಸ್ತಾ ಇದೀನಿ."

"ಬೇವು ಕಹಿ ಆಗ್ತಿಲ್ಲ ಸಾರ್ ಇವರಿಗೆ."

"ಇಲ್ಲಿ ಮಲಗಿರೋ ಯಾರಿಗೂ ಆಗಲ್ಲ. ಬಾಯಿ ರುಚಿ ಕೆಟ್ಟಿರುತ್ತೆ." ಡಾಕ್ಟರು ಎದ್ದು ನಿಂತರು. "ನಿಜವಾಗ್ಲೂ ಇಪ್ಪತ್ತಮೂರು ದಿನ ನಿದ್ದೆ ಇಲ್ದೆ ಇದ್ದಿದ್ರೆ ಇವರು ಇವತ್ತು ಇಲ್ಲಿರ್ತಿರಲಿಲ್ಲ. ನಿಮ್ಮನೇಲಿ ಯಾರೋ ನಿಮ್ಮ ಮಾತು ಕೇಳಿಲ್ಲ. ಅವರಿಗೆ ಕೈ ಮುಗೀರಿ."

ಪಕ್ಕದ ಮಂಚದ ಅಲಮೇಲು ಗಂಡನ ಹೊದಿಕೆ ಸರಿಮಾಡಿ, ನಾರಾಯಣಮ್ಮನನ್ನು ಒಂದು ಸಲ ನೋಡಿ, ಮುಖ ಆಚೆ ತಿರುಗಿಸಿದಳು. ಆ ನೋಟ ನಾರಾಯಣಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಇಡೀ ಜೀವಮಾನ ಅವಳು ಇತರರನ್ನು ನೋಡಿದ್ದು ಹಾಗೆಯೇ. ಅದು ತನ್ನ ಮೇಲೆ ಬಿದ್ದರೆ ಹೇಗಿರುತ್ತದೆ ಎಂದು ಮಾತ್ರ ಗೊತ್ತಿರಲಿಲ್ಲ.

ವಾಪಸು ಬರುವಾಗ ಆಟೋದಲ್ಲಿ ತಿಮ್ಮರಾಯಪ್ಪ ತಾನಾಗಿಯೇ ಬಾಯಿಬಿಟ್ಟ. ಹುಡುಗಿಯನ್ನು ಬೈಯಬೇಡ ಎಂದು ಮೊದಲು ಕೇಳಿಕೊಂಡ. ಸೀತಾಲಕ್ಷ್ಮಿ ತನ್ನ ಪಾಳಿಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಮಾವನನ್ನು ಮಲಗಲು ಬಿಡುತ್ತಿದ್ದಳು. ಅತ್ತೆಯ ಹೆಜ್ಜೆ ಕೇಳಿದರೆ ಕೆಮ್ಮುತ್ತಿದ್ದಳು. ವೆಂಕಟಾಚಲ ರಾತ್ರಿ ತಾನೇ ಜೋರಾಗಿ ರೇಡಿಯೋ ಹಾಕಿ, ಅದರ ಮರೆಯಲ್ಲಿ ಅಪ್ಪನಿಗೆ ದಿಂಬು ಕೊಡುತ್ತಿದ್ದ. ಚನ್ನಬಸವಯ್ಯನವರು ಪೇಪರೂ ಓದಿ, ಹೂಂಗುಟ್ಟುವುದನ್ನೂ ತಾವೇ ಮಾಡುತ್ತಿದ್ದರು. ತಿಮ್ಮರಾಯಪ್ಪನನ್ನು ನಿಜವಾಗಿ ಕಾದವರು ಇಬ್ಬರೇ. ಅವನ ಅಕ್ಕ ಮತ್ತು ಅವನ ಹೆಂಡತಿ.

ನಾರಾಯಣಮ್ಮ ಅಂದು ರಾತ್ರಿ ಅಡುಗೆಮನೆಯಲ್ಲಿ ಯಾರನ್ನೂ ಬೈಯಲಿಲ್ಲ. ಊಟಕ್ಕೆ ಬಡಿಸುವಾಗ ಸೊಸೆಯ ತಟ್ಟೆಗೆ ಒಂದು ಸೌಟು ತುಪ್ಪ ಜಾಸ್ತಿ ಹಾಕಿದಳು. ಮುನಿಲಕ್ಷ್ಮಮ್ಮನಿಗೆ ವೆಂಕಟಾಚಲ ಡಾಕ್ಟರ ಮಾತು ತಿಳಿಸಿದ. ಅವಳು ಸೀರೆ ಮಡಿಸಿ ಚೀಲಕ್ಕೆ ಹಾಕಿಕೊಂಡಳು.

"ಅವತ್ತು ಹಾವು ಕಚ್ಚಿದಾಗ ಉಳಿದ್ನಲ್ಲ. ಅಷ್ಟು ಸಾಕು ನಂಗೆ. ನೀವು ಓದಿದೋರು, ನೋಡ್ಕೊಳ್ಳಿ," ಎಂದು ತಲಘಟ್ಟಪುರದ ಬಸ್ಸಿಗೆ ಹೋದಳು.

ಇನ್ನು ಮಲಗಲು ಅಡ್ಡಿಯಿಲ್ಲ ಎಂದಮೇಲೆ ಎಲ್ಲವೂ ಸರಿಹೋಗಬೇಕಿತ್ತು. ಹೋಗಲಿಲ್ಲ. ತಿಮ್ಮರಾಯಪ್ಪನ ಕಣ್ಣು ಮುಚ್ಚಿದರೆ ಸಾಕು, ಮೈ ಬೆಚ್ಚಿ ಎದ್ದು ಕೂರುತ್ತಿದ್ದ. ಕದ್ದು ಮಲಗುತ್ತಿದ್ದಾಗ ಬಂದಿದ್ದ ನಿದ್ದೆ ಈಗ ರಾಜಾರೋಷವಾಗಿ ಮಲಗಿಕೋ ಎಂದರೆ ಬರಲೊಲ್ಲದು. ಆ ಕದ್ದ ನಿದ್ದೆಗೆ ಸೊಸೆ ಕಾವಲಿದ್ದಳು, ಹೆಚ್ಚುಕಮ್ಮಿಯಾದರೆ ಎಬ್ಬಿಸುವವರಿದ್ದರು. ಈಗ ಎಲ್ಲರೂ ಬಾಗಿಲು ಮುಂದೆ ಮಾಡಿ ಹೋಗುತ್ತಾರೆ.

"ಮಲಗಿದ್ರೆ ಏಳಲ್ಲ ಅಂತ ನೀನೇ ಹೇಳಿದ್ದೆ," ಎಂದ ಅವನು. "ಅದು ಕಿವೀಲಿ ಕೂತುಬಿಟ್ಟಿದೆ ಕಣೇ."

ಡಾಕ್ಟರು ನಿದ್ದೆ ಮಾತ್ರೆ ಕೊಡಲು ಒಪ್ಪಲಿಲ್ಲ, ಈ ಮೂತ್ರಪಿಂಡಕ್ಕೆ ಅದು ಆಗದು ಎಂದರು. ಹೀಗೇ ಬಿಪಿ ಏರುತ್ತಿದ್ದರೆ ಒಂದು ದಿನ ಮಿಷನ್ನಿನ ಮೇಲೆಯೇ ಹೃದಯ ನಿಲ್ಲಬಹುದು ಎಂದೂ ಅಂದರು. ನಾರಾಯಣಮ್ಮನಿಗೆ ದಿಕ್ಕು ತೋಚಲಿಲ್ಲ. ತಾನು ಕೆಡಿಸಿದ್ದನ್ನು ತಾನೇ ಸರಿಮಾಡಬೇಕು. ಅವಳು ತನಗೆ ಅಭ್ಯಾಸವಿಲ್ಲದ ಕೆಲಸಕ್ಕೆ ಕೈ ಹಾಕಿದಳು. ಮೆತ್ತಗೆ ಮಾತಾಡತೊಡಗಿದಳು. ಅಂಗಾಲಿಗೆ ಹರಳೆಣ್ಣೆ ತಿಕ್ಕಿದಳು, ತುರಿಸುವ ಬೆನ್ನಿಗೆ ಒದ್ದೆ ಬಟ್ಟೆ ಒರೆಸಿದಳು. ಮಕ್ಕಳು ಸದ್ದು ಮಾಡದ ಹಾಗೆ ಬಾಡಿಗೆ ಮನೆಗಳಿಗೆ ಹೇಳಿಸಿದಳು. ಏನಾದರೂ ಬೇಕಾ, ದಿಂಬು ಸರಿಯಿದೆಯಾ, ಗಾಳಿ ಬರುತ್ತಿದೆಯಾ ಎಂದು ತಗ್ಗಿದ ದನಿಯಲ್ಲಿ ಕೇಳಿದಳು. ಇಡೀ ಮನೆ ಅವಳ ಆ ದನಿಗೆ ಹೆದರಿತು. ಎಲ್ಲರಿಗಿಂತ ಹೆಚ್ಚು ಹೆದರಿದವನು ತಿಮ್ಮರಾಯಪ್ಪ.

"ಡಾಕ್ಟ್ರು ನಂದು ಮುಗೀತು ಅಂದ್ರಾ?" ಎಂದು ಕೇಳಿದ ಒಂದು ದಿನ.

"ಯಾಕಂಗಂತೀಯ?"

"ನೀನು ಹಿಂಗೆ ಮಾತಾಡ್ತಿದ್ದೀಯಲ್ಲ."

ಮುಂದಿನ ಮಂಗಳವಾರ ಮಿಷನ್ನಿನಿಂದ ಬಂದು ಅವನು ಮಂಚದ ಮೇಲೆ ಕಣ್ಣು ಬಿಟ್ಟುಕೊಂಡು ಬಿದ್ದಿದ್ದ. ಮಧ್ಯಾಹ್ನ ಎರಡು ಗಂಟೆ. ಆಗ ತಲಘಟ್ಟಪುರದಿಂದ ಒಬ್ಬ ಆಳು ಬಂದು, ಅಕ್ಕ ತಮ್ಮನಿಗೆಂದು ಕಳಿಸಿದ ಎಳನೀರಿನ ಗೊನೆಯೊಂದನ್ನು ಜಗಲಿಯ ಮೇಲೆ ಇಳಿಸಿ ಹೋದ. ಈ ಕಾಯಿಲೆಯಲ್ಲಿ ಎಳನೀರು ಕುಡಿದರೆ ಎದೆ ನಿಲ್ಲುತ್ತದೆ ಎಂದು ಆ ಅಕ್ಕನಿಗೆ ನೂರು ಸಲ ಹೇಳಿದ್ದಾಗಿತ್ತು. ಆ ಗೊನೆ ಕಂಡದ್ದೇ ತಡ, ಹತ್ತು ದಿನದಿಂದ ಒತ್ತಿ ಹಿಡಿದದ್ದೆಲ್ಲ ನಾರಾಯಣಮ್ಮನ ಗಂಟಲಿಗೆ ಬಂತು. ಮಂಚದ ಪಕ್ಕ ಬಂದು ಕುಕ್ಕರಿಸಿ ಶುರುಮಾಡಿದಳು.

"ಕಳಿಸಿದಾಳೆ ನೋಡು ನಿಮ್ಮಕ್ಕ. ಬಡಿದು ಸಾಯಿಸೋಕೆ ಆಗ್ಲಿಲ್ಲ, ಕುಡಿಸಿ ಸಾಯಿಸ್ತಾಳೆ. ಎಳನೀರು ತಂಪು ಅಂತೆ. ಇವಳ ತಲೆ ತಂಪು. ಅವತ್ತು ಕಚ್ಚಿದ್ದು ನೀರೊಳ್ಳೆ ಕಣೋ, ಊರಿಗೆಲ್ಲ ಗೊತ್ತು. ಆಮೇಲೆ ನಿನ್ನ ಮಗ. ಅತ್ತೆಗೆ ಎಳನೀರು ಕಳಿಸಬೇಡ ಅಂತ ಹೇಳೋಕೆ ಬಾಯಿಲ್ಲ, ಹೊಟ್ಟೆ ಮಾತ್ರ ಐತೆ. ಆ ಹಾಲಿನೋನು..."

ಮಂಚದ ಮೇಲಿಂದ ಒಂದು ಸದ್ದು ಬಂತು. ನಾರಾಯಣಮ್ಮ ತಿರುಗಿ ನೋಡಿದಳು. ತಿಮ್ಮರಾಯಪ್ಪನ ಬಾಯಿ ತೆರೆದಿತ್ತು. ಹಳೇ ಗೊರಕೆ, ಇಪ್ಪತ್ತೆಂಟು ವರ್ಷ ಕೇಳಿ ಹಲ್ಲು ಕಡಿದ ಅದೇ ಗೊರಕೆ. ಮೂರನೆಯ ಹೆಸರಿಗೆ ಸರಿಯಾಗಿ.

ಅವಳ ಮಾತು ನಿಂತಿತು. ಎರಡು ಉಸಿರಿನಷ್ಟು ಹೊತ್ತು ಮನೆ ನಿಶ್ಶಬ್ದವಾಯಿತು. ಅವನ ಗೊರಕೆ ತಡವರಿಸಿತು, ಕೈ ಅದುರಿತು, ರೆಪ್ಪೆ ಏಳತೊಡಗಿತು.

"ಆ ಹಾಲಿನೋನು," ಎಂದಳು ನಾರಾಯಣಮ್ಮ ಗಡಿಬಿಡಿಯಿಂದ, "ಕೊಳಾಯಿ ಪಕ್ಕದಲ್ಲೇ ಹಸು ಕಟ್ಟಿದಾನೆ, ಅವನಿಗೆ ದೇವರು ಒಳ್ಳೇದು ಮಾಡ್ತಾನಾ?"

ರೆಪ್ಪೆ ಮತ್ತೆ ಇಳಿಯಿತು.

ಆಗ ಅವಳಿಗೆ ಎಲ್ಲ ಅರ್ಥವಾಯಿತು. ಇಷ್ಟು ವರ್ಷ ತನ್ನ ಮಾತು ಕೇಳದೆ ಮಲಗುತ್ತಾನೆ ಎಂದು ಉರಿದುಕೊಂಡಿದ್ದಳು. ಅವನು ಮಲಗುತ್ತಿದ್ದುದೇ ಅದನ್ನು ಕೇಳಿಕೊಂಡು. ಅವಳು ಬೈಯುತ್ತಿದ್ದಾಳೆ ಎಂದರೆ ಮನೆಯಲ್ಲಿ ಎಲ್ಲ ನೆಟ್ಟಗಿದೆ, ಯಾರೂ ಸಾಯುತ್ತಿಲ್ಲ, ಎಚ್ಚರವಾಗಿರುವವರು ಒಬ್ಬರಿದ್ದಾರೆ ಎಂದು ಅವನಿಗೆ ಧೈರ್ಯ.

ನಾರಾಯಣಮ್ಮ ಚಕ್ಕಳಮಕ್ಕಳ ಹಾಕಿ ಕೂತಳು. ಹಾಲಿನವನನ್ನು ಮುಗಿಸಿ ಬಾಡಿಗೆದಾರರಿಗೆ ಬಂದಳು. ಎರಡನೇ ಮನೆಯವರು ಬಚ್ಚಲ ತೂಬಿಗೆ ಕಸ ತುಂಬಿಸಿದ್ದು, ಮೂರನೇ ಮನೆಯವರು ಗೋಡೆಗೆ ಮೊಳೆ ಹೊಡೆದದ್ದು. ಸೊಸೆಯ ಅಪ್ಪ. ಸೊಸೆಯನ್ನು ಮಾತ್ರ ಬಿಟ್ಟು ಅವಳ ಅಕ್ಕಂದಿರು. ಹೊಲ ಅಳೆದುಕೊಂಡು ಹೋದ ಸರ್ಕಾರ. ಧಾರೆಯ ದಿನದ ಪುರೋಹಿತ. ಆಮೇಲೆ ಮಂಚದ ಮೇಲಿನ ಗಂಡಸು ತಾನೇ. ಪೈಪು, ಹೊಂಗೆ ಮರ, ಸೂಲಗಿತ್ತಿ. ಒಂದು ಗಂಟೆ ಕಳೆಯಿತು. ಗೊರಕೆ ಒಂದೇ ಸಮ ನಡೆದಿತ್ತು. ಗಂಟಲು ಒಣಗಿತು, ಬೈಯಲು ಊರಿನಲ್ಲಿ ಯಾರೂ ಉಳಿಯಲಿಲ್ಲ. ಅವಳು ತಡೆದಳು. ಗೊರಕೆಯೂ ತಡೆಯಿತು.

"ಇನ್ನೊಬ್ಬಳಿದ್ದಾಳೆ," ಎಂದಳು ನಾರಾಯಣಮ್ಮ. ದನಿ ಸ್ವಲ್ಪವೂ ತಗ್ಗಿಸಲಿಲ್ಲ. "ಎಲ್ಲ ನಂಗೇ ಗೊತ್ತು ಅನ್ನೋಳು. ನೀರೊಳ್ಳೆ ಅಂತ ಇಪ್ಪತ್ತೆಂಟು ವರ್ಷ ನಕ್ಕೋಳು, ನಾಲ್ಕು ಬೇವಿನೆಲೆಗೆ ಹೆದರಿಬಿಟ್ಲು. ಡಾಕ್ಟ್ರನ್ನ ಒಂದು ಮಾತು ಕೇಳೋಕೆ ಅಹಂಕಾರ. ಐದು ನಿಮಿಷ ಅಂತ ಕೈ ಮುಗಿದ ಗಂಡನ್ನ ಅಂಗಳದಲ್ಲಿ ಎತ್ತಿನ ಹಾಗೆ ನಡೆಸಿದ್ಲು. ಪಾಪಿ. ಆ ಹುಡುಗಿ ಬಾಗಿಲಿಗೆ ಬೆನ್ನು ಕೊಟ್ಟು ಕೂರದೇ ಇದ್ದಿದ್ರೆ ಇವತ್ತು ಕುಂಕುಮ ಎಲ್ಲಿರ್ತಿತ್ತು ಇವಳದು..."

ಸೆರಗಿನಿಂದ ಮೂಗು ಒರೆಸಿಕೊಂಡು ಮುಂದುವರಿಸಿದಳು. ತಿಮ್ಮರಾಯಪ್ಪ ಮಗ್ಗುಲಾಗಿ, ಕೈಯನ್ನು ಕೆನ್ನೆಯ ಕೆಳಗಿಟ್ಟುಕೊಂಡು, ಗಾಢ ನಿದ್ದೆಗೆ ಇಳಿದಿದ್ದ.

ಸೀತಾಲಕ್ಷ್ಮಿ ಬಾಗಿಲಿಗೆ ಬಂದಳು. ಮಾವನನ್ನು ನೋಡಿದಳು, ಅತ್ತೆಯ ಮುಖ ನೋಡಿದಳು.

"ನಾಲ್ಕು ಗಂಟೆ ಆಯ್ತು ಅತ್ತೆ, ಊಟ ಆರೋಗಿದೆ. ಯಾರನ್ನ ಬಯ್ತಾ ಇದ್ದೀರಾ?"

"ಇವಳೊಬ್ಬಳಿದ್ದಾಳೆ," ಎಂದಳು ನಾರಾಯಣಮ್ಮ, ಗಂಡನ ಕಡೆಯಿಂದ ಕಣ್ಣು ತೆಗೆಯದೆ. "ಇವತ್ತಿಗೆ ಮುಗಿಯೋ ಹಾಗಿಲ್ಲ. ನೀನು ಉಣ್ಣೋಗು."